ನಕ್ಷೆ ಅಂತಿಮವಾಗುವ ಮೊದಲು ನಿವಾಸಿಗಳನ್ನು ಕೇಳಿ

ಮಾನ್ಯ ಸಂಪಾದಕರೇ,

ಮೈಸೂರಿನ ವರ್ತುಲ ರಸ್ತೆಯ ಆಚೆಗಿರುವ ಒಂದು ಖಾಸಗಿ ಬಡಾವಣೆಯಲ್ಲಿ ನಾನು 2011ರಿಂದ ವಾಸವಾಗಿದ್ದೇನೆ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಬಯಲಿತ್ತು. ಅದರ ಅಂಚಿಗೆ ನಾಲ್ಕು ಹಳೆಯ ಹುಣಸೆಮರಗಳು, ನಡುವೆ ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳ. ಪಕ್ಕದ ಹಳ್ಳಿಯವರು ಅದನ್ನು ಹುಣಸೆತೋಪಿನ ಹೊಲ ಎನ್ನುತ್ತಿದ್ದರು. ಅವರಿಂದ ಕೇಳಿ ನಾವೂ ಹಾಗೆಯೇ ಕರೆಯಲು ಕಲಿತೆವು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಲ್ಲಿ ತಗಡಿನ ಬೇಲಿ ಎದ್ದಿತು, ಜೆಸಿಬಿ ಬಂದು ಹಳ್ಳವನ್ನು ಮುಚ್ಚತೊಡಗಿತು. ಸಂಬಂಧಪಟ್ಟ ಕಚೇರಿಗೆ ಹೋಗಿ ವಿಚಾರಿಸಿದಾಗ, ಆ ಜಮೀನಿನ ಭೂ ಉಪಯೋಗವು ಕೃಷಿಯಿಂದ ವಾಣಿಜ್ಯಕ್ಕೆ ಬದಲಾಗಿದೆ, ಅದಕ್ಕೆ ಮೊದಲು ಆಕ್ಷೇಪಣೆ ಕೋರಿ ಪತ್ರಿಕೆಯಲ್ಲಿ ಪ್ರಕಟಣೆ ನೀಡಲಾಗಿತ್ತು, ನಿಗದಿತ ಅವಧಿಯಲ್ಲಿ ಯಾರೂ ಆಕ್ಷೇಪಿಸಲಿಲ್ಲ ಎಂಬ ಉತ್ತರ ಸಿಕ್ಕಿತು. ಹಳೆಯ ಪತ್ರಿಕೆಗಳನ್ನು ಹುಡುಕಿ ನೋಡಿದೆ. ಪ್ರಕಟಣೆ ಇದ್ದದ್ದು ನಿಜ. ಗ್ರಾಮದ ಹೆಸರು, ಸರ್ವೆ ನಂಬರು, ಎಕರೆ-ಗುಂಟೆಯ ಲೆಕ್ಕ ಎಲ್ಲವೂ ಅದರಲ್ಲಿದ್ದವು. ಅದು ನಮ್ಮ ಬೀದಿಯ ಕೊನೆಯ ಹುಣಸೆತೋಪು ಎಂದು ಗುರುತಿಸಲು ನೆರವಾಗುವ ಒಂದು ಪದವೂ ಇರಲಿಲ್ಲ. ಆ ದಿನದ ಪತ್ರಿಕೆಯನ್ನು ನಾನು ಓದಿದ್ದೆ, ಆ ಪುಟವನ್ನೂ ತಿರುವಿದ್ದೆ.

ಈ ಪತ್ರವನ್ನು ಬರೆಯುತ್ತಿರುವುದು ಆ ಒಂದು ಬಯಲಿಗಾಗಿ ಮಾತ್ರವಲ್ಲ. ನಗರ ಬೆಳೆಯುತ್ತಿರುವಾಗ ನಿವಾಸಿಗಳ ಅಭಿಪ್ರಾಯ ಕೇಳಬೇಕು ಎಂಬುದನ್ನು ಈಗ ಯಾರೂ ಬಾಯಿಮಾತಿಗಾದರೂ ಅಲ್ಲಗಳೆಯುವುದಿಲ್ಲ. ಆದರೆ ಕೇಳುವ ಕ್ರಮ ಹೇಗಿದೆಯೆಂದರೆ, ಕೇಳಿದ್ದಕ್ಕೆ ಕಡತದಲ್ಲಿ ದಾಖಲೆ ಉಳಿಯುತ್ತದೆ, ಕೇಳಿಸಿಕೊಂಡವರು ಮಾತ್ರ ಯಾರೂ ಇರುವುದಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಲ್ಲಿಯೇ ಬಂದಿದೆ. ಯಾವ ಜಮೀನು ಯಾವ ಬಳಕೆಗೆ ಎಂದು ಗುರುತಿಸುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದ ಮೇಲೆ ಅರವತ್ತು ದಿನಗಳೊಳಗೆ ಸಾರ್ವಜನಿಕರು ತಮ್ಮ ಅಭಿಪ್ರಾಯ ಸಲ್ಲಿಸಬಹುದು ಎಂದು ಆ ಕಾಯ್ದೆ ಹೇಳುತ್ತದೆ. ಈಗ ಜಾರಿಯಲ್ಲಿರುವ ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದ ಮಹಾಯೋಜನೆ 2031ನೇ ಇಸವಿಯವರೆಗಿನದು. ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕೆಂಬ ನಿಯಮವಿರುವುದರಿಂದ, ಮುಂದಿನ ಕರಡು ಜನರ ಮುಂದೆ ಬರುವ ಕಾಲ ದೂರವಿಲ್ಲ. ಅದಕ್ಕೆ ಮೊದಲೇ ಈ ಮಾತುಗಳನ್ನು ಹೇಳಬೇಕೆನಿಸಿತು.

ಆಕ್ಷೇಪಣೆಗೆ ಅವಕಾಶ ಸಿಕ್ಕರೆ ಏನಾಗುತ್ತದೆ, ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಮ್ಮ ಊರಿನ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. 2021ರಲ್ಲಿ ಲಲಿತಮಹಲ್ ಅರಮನೆಯ ಸಮೀಪ ಹೆಲಿ ಪ್ರವಾಸೋದ್ಯಮಕ್ಕಾಗಿ ನೂರಕ್ಕೂ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವ ಬಂದಿತ್ತು. ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಾಗ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕೆಂದು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ವಿಷಯ ಹೊರಬಿದ್ದಿತು, ವಿದ್ಯಾರ್ಥಿಗಳು, ಪಕ್ಷಿವೀಕ್ಷಕರು, ಬೆಳಗಿನ ನಡಿಗೆಗೆ ಬರುವ ಹಿರಿಯರು, ಹೀಗೆ ಸಾವಿರಾರು ಮಂದಿ ವಿರೋಧ ದಾಖಲಿಸಿದರು, ಪ್ರಸ್ತಾವವನ್ನು ಕೈಬಿಡಲಾಯಿತು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ ವಿಸ್ತರಣೆಗಾಗಿ 40 ಮರಗಳನ್ನು ಕಡಿದರು. ನಲವತ್ತು ಎಂಬ ಸಂಖ್ಯೆ ಐವತ್ತಕ್ಕಿಂತ ಕಡಿಮೆ. ನನ್ನಂಥ ಬಹುತೇಕರಿಗೆ ಸುದ್ದಿ ತಿಳಿದದ್ದು ಮರಗಳು ಉರುಳಿದ ಮೇಲೆ. ಮರುದಿನಗಳಲ್ಲಿ ಜನ ಅಲ್ಲಿ ಸೇರಿ ಬೊಡ್ಡೆಗಳ ಮುಂದೆ ನಿಂತು ದುಃಖಿಸಿದರು. ಅದು ಬಿಟ್ಟು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ರಸ್ತೆ ಅಗಲವಾಗುವುದು ಬೇಕಿತ್ತೇ, ಬೇಡವಿತ್ತೇ ಎಂಬ ಬಗ್ಗೆ ಆ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎರಡು ಅಭಿಪ್ರಾಯಗಳಿರಬಹುದು, ಮತ್ತು ಬೇಕಿತ್ತು ಎನ್ನುವವರ ಮಾತಿಗೂ ತೂಕವಿದೆ. ಆದರೆ ಮರವನ್ನು ಉಳಿಸಿಕೊಂಡೇ ಪಾದಚಾರಿ ಮಾರ್ಗವನ್ನು ಬೇರೆ ರೀತಿ ಜೋಡಿಸಬಹುದಿತ್ತೇ ಎಂದು ಒಂದು ಮಾತು ಕೇಳುವ ಅವಕಾಶ ಎರಡೂ ಕಡೆಯವರಿಗೆ ಸಿಗಲಿಲ್ಲ.

ಹೊಸ ಅಭಿವೃದ್ಧಿಯ ಬಗ್ಗೆ ಆಕ್ಷೇಪ ಎತ್ತುವವರೆಲ್ಲ ಬೆಳವಣಿಗೆಯ ವಿರೋಧಿಗಳೆಂದು ಭಾವಿಸುವವರಿದ್ದಾರೆ. ನಮ್ಮ ಬಡಾವಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ನಾನು ಕೇಳುತ್ತ ಬಂದಿರುವ ಮಾತುಗಳು ಬೇರೆ. ಎದುರು ಮನೆಯ ಯುವ ದಂಪತಿ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಎತ್ತರದ ವಸತಿ ಸಮುಚ್ಚಯಗಳು ಬೇಕು, ಏಕೆಂದರೆ ಸೈಟಿನ ಬೆಲೆ ಅವರ ಕೈಗೆಟುಕುವ ಮಟ್ಟದಲ್ಲಿಲ್ಲ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆಯ ಸೈಟುಗಳನ್ನು ವಿಚಾರಿಸಿಕೊಂಡು ಬರುವವರಲ್ಲಿ ಬೆಂಗಳೂರಿನವರೇ ಹೆಚ್ಚು ಎಂದು ಅವರು ಹೇಳುವುದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಗೆ ಹಾಲು ತಂದುಕೊಡುವವರ ಹಳ್ಳಿ ಈಗ ಮೂರು ಕಡೆಯಿಂದ ಬಡಾವಣೆಗಳ ನಡುವೆ ಸಿಕ್ಕಿಕೊಂಡಿದೆ. ಜಮೀನಿಗೆ ಒಳ್ಳೆಯ ಬೆಲೆ ಬಂದದ್ದನ್ನು ಅವರು ಸಂತೋಷದಿಂದಲೇ ಹೇಳುತ್ತಾರೆ. ದನ ಮೇಯಿಸುವ ಜಾಗ ಹೋಯಿತು, ಎಮ್ಮೆಗಳನ್ನು ಮಾರಬೇಕಾಯಿತು ಎಂಬುದನ್ನೂ ಅದೇ ಮಾತಿನ ಜೊತೆಗೆ ಹೇಳುತ್ತಾರೆ. ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ತಾಯಿಯೊಬ್ಬರಿಗೆ ಬೇಕಾಗಿರುವುದು ರಾತ್ರಿ ಎಂಟರ ನಂತರವೂ ಓಡುವ ಒಂದು ಸಿಟಿ ಬಸ್ಸು ಮತ್ತು ಬಸ್ ನಿಲ್ದಾಣದಿಂದ ಮನೆಯವರೆಗೆ ಬೀದಿದೀಪ. ಇವರಲ್ಲಿ ಯಾರೂ ನಗರ ಬೆಳೆಯುವುದು ಬೇಡ ಎಂದವರಲ್ಲ. ಬೆಳೆಯುವ ಕ್ರಮದ ಬಗ್ಗೆ ಒಬ್ಬೊಬ್ಬರಿಗೂ ತಿಳಿದಿರುವ ಸಂಗತಿ ಬೇರೆ, ಮತ್ತು ಆ ತಿಳಿವಳಿಕೆ ನಕ್ಷೆ ಬರೆಯುವವರ ಮೇಜಿನ ಮೇಲೆ ಇರುವುದಿಲ್ಲ.

ಆ ಹಳ್ಳದ ವಿಷಯವನ್ನೇ ತೆಗೆದುಕೊಳ್ಳಿ. ಅದು ಮೇಲಿನ ಒಂದು ಸಣ್ಣ ಕಟ್ಟೆಯ ಕೋಡಿ ನೀರನ್ನು ಕೆಳಗಿನ ಕೆರೆಗೆ ಒಯ್ಯುತ್ತಿತ್ತು ಎಂಬುದು ಹಳ್ಳಿಯ ಯಾವ ಹಿರಿಯರನ್ನು ಕೇಳಿದ್ದರೂ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಸ್ಥಳ ಪರಿಶೀಲನೆಗೆ ಬಂದವರಿಗೆ ಅದು ಬರಿಯ ತಗ್ಗಿನಂತೆ ಕಂಡಿರಬೇಕು. ಹಳ್ಳ ಮುಚ್ಚಿದ ನಂತರದ ಎರಡನೆಯ ಮಳೆಗಾಲದಲ್ಲಿ ನೀರು ನಮ್ಮ ಬೀದಿಯ ಆರು ಮನೆಗಳ ಒಳಗೆ ನುಗ್ಗಿತು. ನಮ್ಮ ಮನೆಯಲ್ಲಿ ಅಡುಗೆಮನೆಯ ತನಕ ಬಂದಿತ್ತು. ಕೆಳಗಿನ ಕೆರೆಗೆ ಮಳೆನೀರು ಸೇರುವುದು ಕಡಿಮೆಯಾಗಿ, ಒಳಚರಂಡಿ (ಯುಜಿಡಿ) ಸಂಪರ್ಕವಿಲ್ಲದ ಬಡಾವಣೆಗಳ ಕೊಳಚೆ ಸೇರುವುದು ಹೆಚ್ಚಾಯಿತು. ಇದು ನಮ್ಮ ಭಾಗದ ಒಂದೇ ಕೆರೆಯ ಕಥೆಯೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಲಿಂಗಾಂಬುಧಿ ಕೆರೆ ಸುತ್ತಲಿನ ಬಡಾವಣೆಗಳ ಕೊಳಚೆಯಿಂದ ಎಷ್ಟು ನರಳಿದೆ ಎಂಬುದನ್ನು ಆ ಕಡೆಯ ನಿವಾಸಿಗಳು ಇದೇ ಅಂಕಣದಂಥ ಅಂಕಣಗಳಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ.

ಖಾಸಗಿ ಬಡಾವಣೆಗಳ ಸ್ಥಿತಿಯ ಬಗ್ಗೆ ಇನ್ನೊಂದು ಮಾತನ್ನು ಇಲ್ಲಿ ಹೇಳದಿದ್ದರೆ ಹೊರಗಿನವರಿಗೆ ವಿಷಯ ಅರ್ಥವಾಗುವುದಿಲ್ಲ. ಬಡಾವಣೆ ನಿರ್ಮಿಸಿದವರು ಸೈಟುಗಳನ್ನೆಲ್ಲ ಮಾರಿ ಹೋದ ಮೇಲೂ ಅದು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗದೆ ವರ್ಷಗಟ್ಟಲೆ ಉಳಿಯುವುದು ನಮ್ಮಲ್ಲಿ ಸಾಮಾನ್ಯ. ಆಗ ಕಸ ಎತ್ತುವವರು ಯಾರು, ದೀಪದ ಬಿಲ್ಲು ಕಟ್ಟುವವರು ಯಾರು, ಒಡೆದ ಪೈಪು ಸರಿಪಡಿಸುವವರು ಯಾರು ಎಂಬ ಪ್ರಶ್ನೆಗೆ ಪ್ರತಿ ಕಚೇರಿಯಲ್ಲಿಯೂ ಇನ್ನೊಂದು ಕಚೇರಿಯ ವಿಳಾಸ ಸಿಗುತ್ತದೆ. ಕಾವೇರಿ ನೀರು ಬರುವವರೆಗೆ ಕೊಳವೆಬಾವಿ, ಅದು ಬತ್ತಿದಾಗ ಟ್ಯಾಂಕರ್. ಕೃಷ್ಣರಾಜಸಾಗರದ ಹಿನ್ನೀರಿನಿಂದ ನೀರು ತರುವ ಹಳೇ ಉಂಡುವಾಡಿ ಯೋಜನೆಯ ಹೆಸರನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು. ಇರುವ ಬಡಾವಣೆಗಳಿಗೇ ನೀರು ಸಾಲದಿರುವಾಗ ಹೊಸ ಬಡಾವಣೆಗೆ ಅನುಮೋದನೆ ಕೊಡುವ ಮೊದಲು, ಅಲ್ಲಿನ ನೀರು ಎಲ್ಲಿಂದ ಬರುತ್ತದೆ ಮತ್ತು ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ನೆರೆಹೊರೆಯವರ ಮುಂದೆ ಇಡಬೇಕೆಂದು ಕೇಳುವುದು ಹೆಚ್ಚಿನ ಬೇಡಿಕೆಯೆಂದು ನನಗೆ ಅನಿಸುವುದಿಲ್ಲ.

ಈ ಊರಿಗೆ ಯೋಜಿತ ಬೆಳವಣಿಗೆ ಹೊಸದಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಮಾರಿ ಬಡಿದ ಮೇಲೆ, 1903ರಲ್ಲಿಯೇ ಇಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ದೇಶದಲ್ಲಿ ಅಂಥ ಮಂಡಳಿಗಳ ಪೈಕಿ ಅದು ಮೊದಮೊದಲಿನವುಗಳಲ್ಲೊಂದು. ಹಳೆಯ ಮೊಹಲ್ಲಾಗಳ ಹಿತ್ತಲಿನಲ್ಲಿ ಕಸ-ಕೊಳಚೆ ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳನ್ನೂ ಬೀದಿಬದಿಯ ಸಾಲುಮರಗಳನ್ನೂ ನೋಡಿದಾಗ ಗಾಳಿ, ಬೆಳಕು, ಚರಂಡಿಗಳ ಬಗ್ಗೆ ಅಂದಿನವರು ಎಷ್ಟು ಯೋಚಿಸಿದ್ದರು ಎಂಬುದು ತಿಳಿಯುತ್ತದೆ. ಆಗ ಪ್ರಜೆಗಳನ್ನು ಕೇಳಿ ನಕ್ಷೆ ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಅಂದಿನ ಸಣ್ಣ ಊರನ್ನು ಅಧಿಕಾರಿಯೊಬ್ಬರು ಕುದುರೆಯ ಮೇಲೆ ಒಂದು ಬೆಳಗಿನಲ್ಲಿ ಸುತ್ತಿ ನೋಡಬಹುದಿತ್ತು. 2011ರ ಜನಗಣತಿಯ ಹೊತ್ತಿಗೇ ಒಂಬತ್ತು ಲಕ್ಷದ ಆಸುಪಾಸು ಜನರಿದ್ದ, ಈಗ ವರ್ತುಲ ರಸ್ತೆಯನ್ನೂ ದಾಟಿ ಹರಡಿರುವ ನಗರವನ್ನು ಹಾಗೆ ಅರಿಯಲಾಗದು. ಇಂದು ಅದನ್ನು ಅರಿಯಲು ಅಲ್ಲಲ್ಲಿ ವಾಸವಾಗಿರುವವರ ಮಾತೇ ದಾರಿ.

ಜನರ ಮಾತು ಕೇಳಿಯೂ ಪ್ರಯೋಜನವಾಗದ ಉದಾಹರಣೆಯೂ ನಮ್ಮಲ್ಲಿದೆ, ಅದನ್ನು ಮರೆಯಬಾರದು. ಮೈಸೂರಿಗೆ ದೇಶದ ಅತಿ ಸ್ವಚ್ಛ ನಗರವೆಂಬ ಹೆಸರು ಬಂದ 2015 ಮತ್ತು 2016ರಲ್ಲಿ ನಾವೆಲ್ಲ ಹೆಮ್ಮೆಪಟ್ಟೆವು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಂಥ ಕಡೆ ನಿವಾಸಿಗಳೂ ಪೌರಕಾರ್ಮಿಕರೂ ಸೇರಿ ಮಾಡಿದ ಕೆಲಸ ಆ ಹೆಮ್ಮೆಗೆ ತಕ್ಕದ್ದೇ ಆಗಿತ್ತು. ಅದೇ ಕಾಲದಲ್ಲಿ ವಿದ್ಯಾರಣ್ಯಪುರಂ ಸೂಯೇಜ್ ಫಾರಂನ ಕಸದ ರಾಶಿಯ ಅಕ್ಕಪಕ್ಕದವರು ಸಂಜೆಯಾದರೆ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು. ಅವರು ವರ್ಷಗಟ್ಟಲೆ ಮನವಿ ಕೊಟ್ಟರು, ಧರಣಿ ಕೂತರು. ಊರಿನ ಒಟ್ಟು ಹಿತಕ್ಕೆ ಒಂದು ಭಾಗದವರು ಸಹಿಸಿಕೊಳ್ಳಬೇಕೆಂದು ಹೇಳುವುದಾದರೆ, ಎಷ್ಟು ಕಾಲ ಮತ್ತು ಯಾವ ಪರಿಹಾರದೊಂದಿಗೆ ಎಂಬುದನ್ನಾದರೂ ಅವರಿಗೆ ಹೇಳಬೇಕಿತ್ತು. ಸಲ್ಲಿಸಿದ ಮನವಿಗೆ ಸಿಗುವುದು ಸ್ವೀಕೃತಿಯ ಮೊಹರು ಮಾತ್ರವಾದರೆ ಮುಂದಿನ ಸಲ ಅರ್ಜಿ ಬರೆಯುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸಭೆಗೆ ಮೊದಲು ನಲವತ್ತು ಜನ ಸೇರುತ್ತಿದ್ದ ಕಡೆ ಈಗ ಎಂಟು ಜನ ಬರುತ್ತೇವೆ.

ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಆಡಳಿತಾಧಿಕಾರಿಗಳ ಕಾಲ ಬಂದ ಮೇಲೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತಿದೆ. ಕಾರ್ಪೊರೇಟರ್ ಒಳ್ಳೆಯವರಿರಲಿ, ಅಲ್ಲದವರಿರಲಿ, ಬೆಳಿಗ್ಗೆ ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲಬಹುದಿತ್ತು. ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ಸೇರಿಸಿ ಬೃಹತ್ ಮೈಸೂರು ರಚಿಸುವ ಪ್ರಸ್ತಾವ ನಮ್ಮ ಭಾಗದಲ್ಲಿ ಎಲ್ಲರ ಬಾಯಲ್ಲಿದೆ. ನಾನು ಆ ಸೇರ್ಪಡೆಯ ಪರವಾಗಿದ್ದೇನೆ; ಒಂದೇ ಮಳೆನೀರಿನ ಕಾಲುವೆ ಮೂರು ಸ್ಥಳೀಯ ಸಂಸ್ಥೆಗಳ ಗಡಿ ದಾಟುವ ಕಡೆ ಮೂರರಲ್ಲಿ ಯಾವುದೂ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಆದರೆ ತೆರಿಗೆ ಎಷ್ಟು ಹೆಚ್ಚುತ್ತದೆ, ಗ್ರಾಮಠಾಣಾ ಮನೆಗಳ ಖಾತೆ ಏನಾಗುತ್ತದೆ, ಗೋಮಾಳ, ಕೆರೆಯಂಗಳಗಳ ಹೊಣೆ ಯಾರದು ಎಂದು ಹಳ್ಳಿಯವರು ಕೇಳುತ್ತಿರುವ ಪ್ರಶ್ನೆಗಳಿಗೆ ವಾರ್ಡುಗಳ ಗಡಿ ಗುರುತಿಸುವ ಮೊದಲೇ ಅವರ ಊರಿನ ಚಾವಡಿಯಲ್ಲೋ ಶಾಲೆಯಲ್ಲೋ ಕುಳಿತು ಉತ್ತರಿಸಬೇಕು.

ಮುಂದಿನ ಮಹಾಯೋಜನೆಯ ಕರಡು ಸಿದ್ಧವಾದಾಗ ಅದನ್ನು ಕಚೇರಿಯ ಗೋಡೆಗೂ ಜಾಲತಾಣಕ್ಕೂ ಸೀಮಿತಗೊಳಿಸದೆ ಪ್ರತಿ ವಾರ್ಡು ಮತ್ತು ಪಂಚಾಯಿತಿಯಲ್ಲಿ, ಆ ಭಾಗದಷ್ಟನ್ನೇ ದೊಡ್ಡದಾಗಿ ಅಚ್ಚುಹಾಕಿಸಿದ ಕನ್ನಡದ ನಕ್ಷೆಯಾಗಿ ತೋರಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳನ್ನು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಅಹವಾಲು ಸಭೆಗಳನ್ನು ಕೆಲಸದ ದಿನದ ಹನ್ನೊಂದು ಗಂಟೆಗೆ ಇಡದೆ, ದುಡಿಯುವವರೂ ಹೆಂಗಸರೂ ಬರಬಹುದಾದ ಭಾನುವಾರಗಳಲ್ಲಿ ನಡೆಸಬೇಕು. ಬಂದ ಪ್ರತಿ ಆಕ್ಷೇಪಣೆಯನ್ನು ಒಪ್ಪಿದ್ದರೆ ಎಲ್ಲಿ ತಿದ್ದಲಾಯಿತು, ತಳ್ಳಿಹಾಕಿದ್ದರೆ ಏಕೆ ಎಂಬುದನ್ನು ಬರೆದು ಪ್ರಕಟಿಸಬೇಕು. ತಳ್ಳಿಹಾಕಿದರೂ ಕಾರಣ ತಿಳಿದರೆ ಜನ ಒಪ್ಪುತ್ತಾರೆ. ಮರ ಕಡಿಯುವ ವಿಷಯದಲ್ಲಿ ಐವತ್ತರ ಮಿತಿಗೆ ಕಾಯದೆ, ಒಂದೇ ಸಾಲುಮರ ಹೋಗುವುದಿದ್ದರೂ ಆ ಬೀದಿಯವರಿಗೆ ಮೊದಲೇ ತಿಳಿಸುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಭೂ ಉಪಯೋಗ ಬದಲಾವಣೆಯ ಪ್ರಕಟಣೆಗಳ ಬಗ್ಗೆ ನನ್ನ ಕೋರಿಕೆ ತೀರ ಸಣ್ಣದು. ಸರ್ವೆ ನಂಬರಿನ ಪಕ್ಕದಲ್ಲಿ ಆ ಜಾಗಕ್ಕೆ ಊರಿನವರು ಇಟ್ಟಿರುವ ಹೆಸರನ್ನೂ ಹತ್ತಿರದ ಬೀದಿಯ ಹೆಸರನ್ನೂ ಒಂದು ಸಾಲಿನಲ್ಲಿ ಬರೆಯಿರಿ, ಮತ್ತು ಅದೇ ಪ್ರಕಟಣೆಯನ್ನು ಹಲಗೆಯ ಮೇಲೆ ಬರೆಸಿ ಆ ಜಾಗದಲ್ಲಿಯೇ ನೆಡಿಸಿರಿ.

ಇಂತಿ,
ನಿವೃತ್ತ ಶಿಕ್ಷಕ, ವರ್ತುಲ ರಸ್ತೆ ಹೊರಭಾಗದ ಬಡಾವಣೆಯ ನಿವಾಸಿ, ಮೈಸೂರು