ಲೈವ್‌ನಲ್ಲಿ ಸೀರೆ ಇದೆ, ರೇಟು ಎಲ್ಲಿದೆ?

ಮಾನ್ಯ ಸಂಪಾದಕರೇ,

ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ದೃಢಪಟ್ಟಿದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲಿ. ಆ ವರ್ಷದ ಅಕ್ಷಯ ತೃತೀಯ ಲಾಕ್‌ಡೌನ್‌ನಲ್ಲೇ ಕಳೆಯಿತು, ಮುಂದೆ ಮದುವೆಗೆ 50 ಮಂದಿಯ ಮಿತಿ ಬಂತು. ಬೇಸಿಗೆ ಲಗ್ನಗಳನ್ನೇ ನೆಚ್ಚಿಕೊಂಡ ಜವಳಿ ವ್ಯಾಪಾರ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ, ಫೇಸ್‌ಬುಕ್ ಲೈವ್‌ಗೆ ಹೊರಳಿತು. ಮನೆಯಲ್ಲಿ ಕೂತ ಮಂದಿ ನೋಡಿದ್ದು ಬಹಳ, ಕೊಂಡಿದ್ದು ಕಡಿಮೆ: ರೇಷ್ಮೆಗೆ ಲೈಕು, ನೈಟಿಗೂ ಮಾಸ್ಕಿಗೂ ಆರ್ಡರು.

ಆಗ ಮಾರುವವರಿಗೆ ಅಂಟಿದ ಒಂದು ಚಟ ಇನ್ನೂ ಬಿಟ್ಟಿಲ್ಲ: ರೇಟು ಹೇಳದೆ ಸೀರೆ ತೋರಿಸುವುದು. ರೇಟು ಹೇಳದಿದ್ದರೆ ‘ಎಷ್ಟು?’ ಎಂದು ಕೇಳುವ ಕಾಮೆಂಟು ಹೆಚ್ಚುತ್ತವೆ, ಕಾಮೆಂಟು ಹೆಚ್ಚಿದಂತೆ ವಿಡಿಯೊ ಇನ್ನಷ್ಟು ಜನರಿಗೆ ತಲುಪುತ್ತದೆ ಎಂಬ ಲೆಕ್ಕ ಅದು. ಆದರೆ ಇನ್‌ಬಾಕ್ಸ್‌ನಲ್ಲಿ ಒಬ್ಬರಿಗೊಂದು ರೇಟು ಹೇಳುತ್ತಾರೆಂಬ ಅನುಮಾನ ಹುಟ್ಟಿದರೆ ಗಿರಾಕಿ ಮತ್ತೆ ಬರುವುದಿಲ್ಲ. ಕಾಮೆಂಟು ಗಲ್ಲಾಪೆಟ್ಟಿಗೆಗೆ ಬೀಳುವುದಿಲ್ಲ.

ಬಣ್ಣದ ತಕರಾರೇ ಹೆಚ್ಚು. ಫೋನಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಚೌಕಟ್ಟಿನ ತುಂಬ ಕೆಂಪು ಸೀರೆಯೇ ಇದ್ದರೆ ಬೆಳಕೇ ಕೆಂಪಗಿದೆಯೆಂದು ತಿಳಿದು ಅದನ್ನು ಪೇಲವ ಮಾಡುತ್ತದೆ. ಹಗಲಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಪಕ್ಕದಲ್ಲೊಂದು ಬಿಳಿ ಹಾಳೆ ಇಟ್ಟು, ಫಿಲ್ಟರ್ ತೆಗೆದು ತೋರಿಸಬೇಕು. ಹಾಸಿಗೆ (ಉದ್ದದ ಎಳೆಗೆ) ಒಂದು, ಹೊಕ್ಕಿಗೆ (ಅಡ್ಡ ಎಳೆಗೆ) ಒಂದು ಬಣ್ಣವಿರುವ ಸೀರೆಯನ್ನು ತಿರುಗಿಸಿ ತೋರಿಸದಿದ್ದರೆ ಅರ್ಧ ಸುಳ್ಳು ಹೇಳಿದಂತೆಯೇ.

ಅಂಗಡಿಯಲ್ಲಾದರೆ ಕೈಯೇ ಬಟ್ಟೆಯನ್ನು ಪರೀಕ್ಷಿಸುತ್ತದೆ. ಲೈವ್‌ನಲ್ಲಿ ಆ ಕೆಲಸ ಮಾರುವವರದು. ಮುಷ್ಟಿಯಲ್ಲಿ ಹಿಡಿದು ಬಿಡಿ, ಸುಕ್ಕು ಎಷ್ಟು ಉಳಿಯುತ್ತದೆಂದು ಕಾಣಲಿ. ಬೆಳಕಿಗೆ ಹಿಡಿಯಿರಿ. ಹಿಂಬದಿಯಲ್ಲಿ ಜರಿ ಎಳೆ ಜೋತಾಡುತ್ತಿದ್ದರೆ ಅದನ್ನೂ ತೋರಿಸಿ, ಬಳೆಗೆ ಸಿಕ್ಕಿ ಕೀಳುವುದು ಅದೇ. ಇಳಕಲ್ ಸೀರೆಯಾದರೆ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ ಇರಬಹುದು. ಹಾಗಾಗಿ ಎರಡನ್ನೂ ಬಿಡಿಯಾಗಿ ಹೇಳಬೇಕು. ಸೆರಗಿನ ಕುಚ್ಚಿನ ಒಂದು ಎಳೆ ಸುಟ್ಟರೆ ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ.

ಅಳತೆಯ ಮೋಸ ಕಣ್ಣಿಗೆ ಕಾಣುವುದಿಲ್ಲ. ಸೀರೆ 5.5 ಮೀಟರ್, ಬ್ಲೌಸ್ ಪೀಸ್ 0.8 ಮೀಟರ್, ಒಟ್ಟು 6.3 ಇರಬೇಕಾದಲ್ಲಿ ‘ಬ್ಲೌಸ್ ಸಮೇತ’ ಎಂದು ಒಟ್ಟು 5.5 ಮೀಟರ್ ಕಳಿಸುವುದುಂಟು. ಬ್ಲೌಸ್ ಕತ್ತರಿಸಿದ ಮೇಲೆ ನೆರಿಗೆಗೆ ಬಟ್ಟೆ ಸಾಲುವುದಿಲ್ಲ. ನಮ್ಮ ಕಡೆ ಹಿರಿಯರು ಕಚ್ಚೆ ಹಾಕಿ ಉಡುವ ಒಂಬತ್ತು ಗಜದ್ದಾದರೆ ಸುಮಾರು 8.2 ಮೀಟರ್ ಬೇಕು. ಟೇಪು ಹಿಡಿದು ತೋರಿಸಲು ಒಂದು ನಿಮಿಷವೂ ಹಿಡಿಯದು.

‘ನೋ ರಿಟರ್ನ್’ ಎಂದು ಬರೆದುಬಿಟ್ಟರೆ ಕೈತೊಳೆದುಕೊಂಡೆವು ಎಂದು ಕೆಲವರು ತಿಳಿದಿದ್ದಾರೆ. ಕೊರೊನಾ ನಡುವೆಯೇ, 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ ಆನ್‌ಲೈನ್ ಖರೀದಿಗೂ ಅನ್ವಯಿಸುತ್ತದೆ. ಬಿಲ್ ಕೊಡದಿರುವುದು, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆಯದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಕೊಳ್ಳುವವರು ಪಾರ್ಸೆಲ್ ಬಿಚ್ಚುವಾಗ ವಿಳಾಸದ ಚೀಟಿಯಿಂದ ಶುರುಮಾಡಿ, ನಡುವೆ ನಿಲ್ಲಿಸದೆ, ಸೀರೆಯನ್ನು ಎರಡೂ ತುದಿಯವರೆಗೆ ಬಿಡಿಸಿ ಒಂದೇ ವಿಡಿಯೊ ಮಾಡಲಿ. ನಡುವೆ ಕತ್ತರಿಸಿದ ವಿಡಿಯೊವನ್ನು ಮಾರುವವರು ಒಪ್ಪುವುದು ಕಷ್ಟ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ಅಳಿಸಿಹೋಗುತ್ತದೆ, ಆದ್ದರಿಂದ ಹಣ ಹಾಕುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಬಿಲ್ಲು, ಹಣ ಪಾವತಿಯ ವಿವರದ ಜೊತೆ ಅದೂ ಕೈಯಲ್ಲಿರಲಿ.

– ಜವಳಿ ವ್ಯಾಪಾರ ಬಲ್ಲ ಓದುಗರು, ಕಲಬುರಗಿ