ಹತ್ತನೆಯ ಎಸಳು

ಕಳೆದ ತಿಂಗಳ ಕೊನೆಯ ದಿನ ನಾನು ಭಾರತೀಯ ನೌಕಾಪಡೆಯಿಂದ ನಿವೃತ್ತನಾಗಿ ಬದಿಯಡ್ಕ ಸಮೀಪದ ನಮ್ಮ ಮನೆಗೆ ಮರಳಿದೆ. ಇಪ್ಪತ್ತು ವರ್ಷಗಳ ಸೇವೆಯಲ್ಲಿ ಹೆಚ್ಚಿನ ಪಾಲು ಕಳೆದದ್ದು ವಿಮಾನವಾಹಕ ನೌಕೆಗಳ ಹೊಟ್ಟೆಯೊಳಗೆ, ಬಾಯ್ಲರು ಮತ್ತು ಟರ್ಬೈನುಗಳ ನಡುವೆ. ಬಂದ ದಿನದಿಂದ ಊರಿನವರು, ಶಾಲೆಯ ಸಹಪಾಠಿಗಳು, ಹಡಗಿನ ಗೆಳೆಯರು ಮನೆಗೆ ಬಂದೂ ಫೋನಿನಲ್ಲೂ ಹಾರೈಸಿದ್ದೀರಿ. ಒಬ್ಬೊಬ್ಬರಿಗೂ ಸರಿಯಾಗಿ ಉತ್ತರಿಸಲು ನನ್ನಿಂದಾಗಲಿಲ್ಲ. ಆದ್ದರಿಂದ ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದ ನನಗೆ ನೌಕಾಪಡೆಯ ಅರ್ಜಿಯನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದ ಗಣಿತದ ಮಾಷ್ಟ್ರಿಗೆ, ಚಿಲ್ಕಾದ ತರಬೇತಿಯಲ್ಲಿ ಹಿಂದಿ ಬಾರದೆ ತಬ್ಬಿಬ್ಬಾಗಿದ್ದಾಗ ಪಕ್ಕದಲ್ಲಿ ನಿಂತ ಧಾರವಾಡದ ಗೆಳೆಯನಿಗೆ, ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಹಬೆಯ ವಿದ್ಯೆ ಕಲಿಸಿದ ಬೋಧಕರಿಗೆ, ನನ್ನೊಡನೆ ವಾಚ್ (ಕಾವಲಿನ ಪಾಳಿ) ಹಂಚಿಕೊಂಡ ಎಲ್ಲ ಸ್ಟೋಕರುಗಳಿಗೆ, ಅಂದರೆ ಬಾಯ್ಲರು, ಯಂತ್ರ ನೋಡಿಕೊಳ್ಳುವ ನಾವಿಕರಿಗೆ, ನಾನು ಋಣಿ.

ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಒಮ್ಮೆ, ಹಡಗು ಕೊಚ್ಚಿಯಲ್ಲೇ ನಿಂತಿದೆಯಲ್ಲ, ಮತ್ತೆ ನಿಮಗೆ ರಜೆ ಯಾಕೆ ಸಿಗುವುದಿಲ್ಲ ಎಂದು ಕೇಳಿದ್ದಳು. ಆ ಪ್ರಶ್ನೆಗೆ ಫೋನಿನಲ್ಲಿ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ತಿಂಗಳುಗಟ್ಟಲೆ ಸಾಗಿ ಬಂದ ಹಡಗನ್ನು ಡ್ರೈ ಡಾಕ್‌ಗೆ ತಂದು, ನೀರು ಬಸಿದು, ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು, ಕಡಲ ನೀರು ಒಳಬರುವ ವಾಲ್ವುಗಳನ್ನೂ ಪ್ರೊಪೆಲ್ಲರಿನ ಶಾಫ್ಟುಗಳನ್ನೂ ಬಿಚ್ಚಿ ನೋಡಿ, ಬಾಯ್ಲರಿನ ಒಳಗೆ ತೂರಿ ಕೊಳವೆಗಳನ್ನು ಪರೀಕ್ಷಿಸಿ, ಎಲ್ಲವನ್ನೂ ಮತ್ತೆ ಮುಚ್ಚುವ ತನಕದ ಕೆಲಸಕ್ಕೆ ನಾವು ರೀಫಿಟ್ ಎನ್ನುತ್ತೇವೆ. ಅದಾದ ಮೇಲೆ ಬಂದರಿನಲ್ಲಿ ಕಟ್ಟಿಕೊಂಡೇ ಯಂತ್ರ ಓಡಿಸುವ ಬೇಸಿನ್ ಟ್ರಯಲ್, ಅನಂತರ ಸೀ ಟ್ರಯಲ್, ಅನಂತರ ಸಿಬ್ಬಂದಿಯನ್ನೂ ವಿಮಾನಗಳನ್ನೂ ಒಟ್ಟಿಗೆ ಪಳಗಿಸುವ ವರ್ಕ್‌ಅಪ್. ಇಷ್ಟು ಮುಗಿದ ಮೇಲೆಯೇ ಹಡಗು ಕಾರ್ಯಾಚರಣೆಗೆ ಹೊರಡುತ್ತದೆ. ಕರಾವಳಿಗೊಂದರಂತೆ ಎರಡು ವಿಮಾನವಾಹಕಗಳು ಸದಾ ಸಿದ್ಧವಿರಬೇಕಾದರೆ ಒಟ್ಟು ಮೂರು ಬೇಕು ಎಂದು ನೌಕಾಪಡೆ ಹೇಳುತ್ತ ಬಂದಿರುವುದು ಇದೇ ಕಾರಣಕ್ಕೆ. 2017ರ ಮಾರ್ಚ್ 6ರಂದು ವಿರಾಟ್ ಸೇವೆಯಿಂದ ಇಳಿದ ಮೇಲೆ 2022ರ ಸೆಪ್ಟೆಂಬರ್ 2ರಂದು ಹೊಸ ವಿಕ್ರಾಂತ್ ಸೇರ್ಪಡೆಯಾಗುವವರೆಗೆ ನಮ್ಮಲ್ಲಿ ಇದ್ದದ್ದು ವಿಕ್ರಮಾದಿತ್ಯ ಒಂದೇ. ಅದು ಡಾಕ್‌ನಲ್ಲಿದ್ದಷ್ಟು ದಿನ ಕಡಲಿನಲ್ಲಿ ದೇಶದ ವಿಮಾನವಾಹಕವೇ ಇರಲಿಲ್ಲ. ರೀಫಿಟ್‌ನ ಒಂದೊಂದು ದಿನಕ್ಕೂ ಎಷ್ಟು ಬೆಲೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ, ಮತ್ತು ನಾನು ಈಗ ಬರೆಯಲಿರುವ ರಾತ್ರಿಯ ಭಾರವೂ ತಿಳಿಯುತ್ತದೆ.

ಶ್ರೀಕಾಕುಳಂ ಕಡೆಯ ಒಬ್ಬ ಹಿರಿಯರು ನಮ್ಮ ವಿಭಾಗದಲ್ಲಿದ್ದರು. ನಾವು ಅವರನ್ನು ಚೀಫ್ ಸಾಬ್ ಎಂದು ಕರೆಯುತ್ತಿದ್ದೆವು. ಅವರು ನನ್ನನ್ನು ಬಾಬು ಎನ್ನುತ್ತಿದ್ದರು. ಯಾವ ಹಡಗು, ಯಾವ ವರ್ಷ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗಿದ್ದವರಿಗೆ ಅದು ಗೊತ್ತೇ ಇದೆ.

ರೀಫಿಟ್ ಕೊನೆಯ ಹಂತಕ್ಕೆ ಬಂದಿತ್ತು. ಟರ್ಬೈನಿನ ವೇಗವನ್ನು ಇಳಿಸಿ ಶಾಫ್ಟಿಗೆ ಕೊಡುವ ಮುಖ್ಯ ಗೇರ್‌ಬಾಕ್ಸನ್ನು ಅಂದು ರಾತ್ರಿ ಮುಚ್ಚಬೇಕಿತ್ತು. ಗೇರ್‌ಬಾಕ್ಸ್ ತೆರೆದಿರುವಾಗ ಅದರ ಹತ್ತಿರ ಹೋಗುವವರು ಜೇಬಿಲ್ಲದ ಉಡುಪು ತೊಡಬೇಕು, ಕೈಗಡಿಯಾರ, ಉಂಗುರ, ಕೊರಳಿನ ದಾರ ಎಲ್ಲವನ್ನೂ ಹೊರಗೆ ಬಿಚ್ಚಿಡಬೇಕು, ಒಳಗೆ ಹೋಗುವ ಪ್ರತಿಯೊಂದು ಉಪಕರಣವನ್ನು ಪುಸ್ತಕದಲ್ಲಿ ಬರೆದು, ಹೊರಬರುವಾಗ ಮತ್ತೆ ಎಣಿಸಬೇಕು. ಬೇರಿಂಗಿನ ಸಂದು ಅಳೆಯುವ ಫೀಲರ್ ಗೇಜ್ ನನ್ನ ಕೈಯಲ್ಲಿತ್ತು. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಉಕ್ಕಿನ ತೆಳು ಎಸಳುಗಳ ಒಂದು ಕಟ್ಟು ಅದು. ಒಳಗೆ ಹೋಗುವಾಗ ಹತ್ತು ಎಸಳು ಎಂದು ಬರೆದಿದ್ದೆ. ಹೊರಗೆ ಬಂದು ಎಣಿಸಿದಾಗ ಒಂಬತ್ತು ಇತ್ತು. ಕಟ್ಟಿನ ಸ್ಕ್ರೂ ಸಡಿಲವಾಗಿದ್ದುದನ್ನು ನಾನು ಮೊದಲೇ ನೋಡಿಕೊಳ್ಳಬೇಕಿತ್ತು, ನೋಡಿರಲಿಲ್ಲ.

ಇದನ್ನು ಇಷ್ಟು ವರ್ಷ ಮನೆಯಲ್ಲೂ ಹೇಳಿರಲಿಲ್ಲ. ಆ ಹೊತ್ತಿನಲ್ಲಿ, ಮೊದಲೇ ಒಂಬತ್ತು ಇತ್ತು, ಬರೆಯುವಾಗ ತಪ್ಪಾಯಿತು ಎಂದು ಹೇಳಿಬಿಡುವ ಮನಸ್ಸು ನನಗೆ ಬಂತು. ಪುಸ್ತಕದಲ್ಲಿ ಒಂದು ಅಂಕಿ ತಿದ್ದಿದರೆ ಸಾಕಿತ್ತು. ಆ ಎಸಳು ಗೇರಿನ ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದು ಗೊತ್ತಿದ್ದೂ ಹಾಗೆ ಅನ್ನಿಸಿತು. ವಿಮಾನ ಏರುವಾಗಲೂ ಇಳಿಯುವಾಗಲೂ ಹಡಗು ಗಾಳಿಗೆ ಎದುರಾಗಿ ವೇಗದಿಂದ ಸಾಗಬೇಕು. ಮೇಲಿನ ಡೆಕ್ಕಿಗೆ ಬೇಕಾದ ಆ ಗಾಳಿಯನ್ನು ಕೆಳಗಿರುವ ನಾವು ಹುಟ್ಟಿಸಿ ಕೊಡುತ್ತೇವೆ. ಒಂದು ಶಾಫ್ಟ್ ನಿಂತರೆ ವೇಗ ಹೋಯಿತು, ವೇಗ ಹೋದರೆ ವಿಮಾನಗಳ ಹಾರಾಟಕ್ಕೇ ಕುತ್ತು. ಚೀಫ್ ಸಾಬ್ ಬಂದು ಲೆಕ್ಕ ಎಷ್ಟು ಎಂದು ಕೇಳಿದರು. ನಾಲಿಗೆ ಒಣಗಿತ್ತು. ಒಂಬತ್ತು ಎಂದೆ.

ಅವರು ಗದರಲಿಲ್ಲ. ನೇರವಾಗಿ ಎಂಜಿನಿಯರ್ ಆಫೀಸರ ಬಳಿಗೆ ಹೋಗಿ, ನಮ್ಮ ಲೆಕ್ಕ ಕೂಡಿಬರುತ್ತಿಲ್ಲ, ಈಗ ಮುಚ್ಚುವುದಿಲ್ಲ ಎಂದು ತಿಳಿಸಿ ಬಂದರು. ಅವರ ಡ್ಯೂಟಿ ಮುಗಿದಿತ್ತು; ಮಲಗಲು ಹೋಗಬಹುದಿತ್ತು. ಹೋಗಲಿಲ್ಲ. ಹುಡುಕಬೇಕಾದವನು ನೀನೇ, ಟಾರ್ಚ್ ನಾನು ಹಿಡಿಯುತ್ತೇನೆ ಎಂದು ಹಿಂದಿಯಲ್ಲಿ ಹೇಳಿ, ಟಾರ್ಚಿನ ದಾರವನ್ನು ತಮ್ಮ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಕೇಸಿಂಗಿನ ಅಂಚಿನಲ್ಲಿ ಮೊಣಕಾಲೂರಿ ಕುಳಿತರು. ಐದು ಗಂಟೆ ಹಾಗೆಯೇ ಕುಳಿತಿದ್ದರು. ನಡುವೆ ಒಮ್ಮೆ ನನ್ನ ಕೈ ನಡುಗುವುದನ್ನು ಕಂಡು, ಮೇಲೆ ಹೋಗಿ ಒಂದು ಲೋಟ ಚಹಾ ಕುಡಿದು ಬಾ ಎಂದು ಕಳಿಸಿದರು. ನಾನು ಬರುವ ತನಕ ತಾವು ಕದಲಲಿಲ್ಲ.

ಬೆಳಗಿನ ಜಾವ ಅವರು ಟಾರ್ಚನ್ನು ಎದುರಿನಿಂದ ಹಿಡಿಯುವ ಬದಲು ಗೋಡೆಗೆ ಒರಗಿಸಿದಂತೆ ಓರೆಯಾಗಿ ಹಿಡಿದರು. ಎಣ್ಣೆ ಸವರಿದ ಒಳಗೋಡೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಒಂದು ನೆರಳಿನ ಗೆರೆ ಮೂಡಿತು. ನಾನು ಹತ್ತಾರು ಬಾರಿ ಕೈಯಾಡಿಸಿದ್ದ ಜಾಗವೇ ಅದು. ಎಸಳು ಎಣ್ಣೆಯ ಪಸೆಗೆ ಗೋಡೆಗೆ ಮೆತ್ತಿಕೊಂಡಿತ್ತು. ಉಗುರಿನಿಂದ ಎಬ್ಬಿಸಿ ತೆಗೆದು ಅವರ ಅಂಗೈ ಮೇಲಿಟ್ಟೆ. ಅವರು ಅದನ್ನು ಬಟ್ಟೆಯಿಂದ ಒರೆಸಿ, ಹತ್ತು, ಎಂದರು.

ಆಮೇಲೆ ಪುಸ್ತಕದಲ್ಲಿ ನಡೆದದ್ದನ್ನೆಲ್ಲ ಬರೆದರು. ನನ್ನ ಹೆಸರನ್ನು ಮರೆಮಾಚಲಿಲ್ಲ, ಕಳೆದ ಐದು ಗಂಟೆಯನ್ನೂ ಮುಚ್ಚಿಡಲಿಲ್ಲ. ಕೊನೆಯಲ್ಲಿ, ಲೆಕ್ಕ ಕಡಿಮೆಯಿರುವುದನ್ನು ಈ ನಾವಿಕನೇ ತಿಳಿಸಿದ್ದಾನೆ ಎಂಬ ಒಂದು ಸಾಲು ಸೇರಿಸಿದರು. ಆ ಸಾಲಿನ ಬಲದಿಂದಲೇ ನಾನು ಇಪ್ಪತ್ತು ವರ್ಷ ಪೂರೈಸಿದೆ. ಅಂಕಿ ತಿದ್ದುವ ಯೋಚನೆ ನನಗೆ ಬಂದಿತ್ತೆಂದು ಅವರಿಗೆ ಗೊತ್ತಿತ್ತೇ ಎಂದು ನಾನು ಎಂದೂ ಕೇಳಲಿಲ್ಲ. ಗೊತ್ತಿತ್ತೆಂದೇ ನಂಬಿದ್ದೇನೆ.

ಅಪ್ಪ ತೀರಿಕೊಂಡಾಗ ನಾನು ನೆಲ ಕಾಣದಷ್ಟು ದೂರ ಕಡಲಿನಲ್ಲಿದ್ದೆ. ವಿಷಯ ನಿಮಗೆಲ್ಲ ತಿಳಿದದ್ದೇ. ಆಸ್ಪತ್ರೆಗೆ ಓಡಾಡಿದ ನೆರೆಮನೆಯ ಇಚ್ಚನಿಗೆ, ನನ್ನ ಜಾಗದಲ್ಲಿ ನಿಂತು ಎಲ್ಲವನ್ನೂ ನೆರವೇರಿಸಿದ ಭಾವನಿಗೆ ಅಂದು ಸರಿಯಾಗಿ ಒಂದು ಮಾತೂ ಆಡಿರಲಿಲ್ಲ. ಸುದ್ದಿ ಬಂದ ರಾತ್ರಿಯೂ ನನ್ನ ವಾಚ್ ಇತ್ತು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ. ಅತ್ತದ್ದು ವಾಚ್ ಇಳಿದ ಮೇಲೆ. ಈ ಬರಹದಲ್ಲಿ ಅವರಿಬ್ಬರ ಪಾಲು ಚಿಕ್ಕದಾಯಿತು, ಋಣ ಚಿಕ್ಕದಲ್ಲ.

2016ರ ಜುಲೈಯಲ್ಲಿ ವಿರಾಟ್ ಕೊನೆಯ ಬಾರಿಗೆ ಸ್ವಂತ ಬಲದಿಂದ ಮುಂಬಯಿಯಿಂದ ಕೊಚ್ಚಿಗೆ ಬಂತು. 1959ರಲ್ಲಿ ಬ್ರಿಟನ್ನಿನಲ್ಲಿ ಸೇವೆ ಆರಂಭಿಸಿ 1987ರಲ್ಲಿ ನಮ್ಮಲ್ಲಿಗೆ ಬಂದಿದ್ದ ಹಡಗು, ಯಂತ್ರಗಳನ್ನು ಕಳಚಿಸಿಕೊಂಡು ಅದೇ ಅಕ್ಟೋಬರ್ 23ರಂದು ಟಗ್ಗುಗಳ ಹಿಂದೆ ಹಗ್ಗ ಕಟ್ಟಿಸಿಕೊಂಡು ಹೊರಟಿತು. ಅಂದು ಸಂಜೆ ಚೀಫ್ ಸಾಬರಿಗೆ ಫೋನು ಮಾಡಿದ್ದೆ. ಅವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಇಬ್ಬರಿಗೂ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನಿಟ್ಟೆವು.

ಈಗಿನ ವಿಕ್ರಾಂತ್‌ನಲ್ಲಿ ಹಬೆಯ ಬಾಯ್ಲರುಗಳಿಲ್ಲ, ನಾಲ್ಕು ಗ್ಯಾಸ್ ಟರ್ಬೈನುಗಳಿವೆ. ಆದರೆ ಗೇರ್‌ಬಾಕ್ಸ್ ಅಲ್ಲಿಯೂ ಇದೆ. ನನ್ನ ಕೈಕೆಳಗೆ ಕಲಿತ ಹುಡುಗರಿಗೆಲ್ಲ ಟಾರ್ಚನ್ನು ಓರೆಯಾಗಿ ಹಿಡಿಯುವುದನ್ನು ನಾನು ತೋರಿಸಿಕೊಟ್ಟಿದ್ದೇನೆ. ಕಲಿಸಿದವರು ಯಾರೆಂದೂ ಹೇಳಿದ್ದೇನೆ.

ರಜೆಯಿಂದ ಮರಳುವಾಗ ಅಮ್ಮ ಕಟ್ಟಿಕೊಡುತ್ತಿದ್ದ ಹಲಸಿನ ಹಪ್ಪಳವೆಂದರೆ ಚೀಫ್ ಸಾಬರಿಗೆ ಬಲು ಇಷ್ಟ. ಅವರಿಗೆ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ಮುಂದಿನ ತಿಂಗಳು ಶ್ರೀಕಾಕುಳಂಗೆ ಹೋಗಿ, ಇಲ್ಲಿ ಬರೆದದ್ದನ್ನೆಲ್ಲ, ಪುಸ್ತಕದ ಅಂಕಿಯ ವಿಷಯವನ್ನೂ ಸೇರಿಸಿ, ಎದುರು ಕುಳಿತು ಹೇಳಬೇಕೆಂದಿದ್ದೇನೆ. ಅಮ್ಮ ಅಂಗಳದಲ್ಲಿ ಚಾಪೆ ಹಾಸಿ ಈ ವರ್ಷದ ಹಪ್ಪಳ ಒಣಗಿಸುತ್ತಿದ್ದಾರೆ.