ತಾಲೂಕುವಾರು ಜ್ವರದ ಲೆಕ್ಕ ಕೊಡಿ, ಪ್ರತ್ಯೇಕ ಕೋಣೆ ಕೊಡಿ

ಸಂಪಾದಕರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾವ ಜ್ವರ ಯಾವಾಗ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರ, ಹೊನ್ನಾವರ, ಶಿರಸಿ ಕಡೆ ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋದವರಿಗೆ ಉಣುಗು (ಉಣ್ಣೆ ಹುಳ) ಕಚ್ಚಿ ಮಂಗನ ಕಾಯಿಲೆ. ಮಳೆ ಹಿಡಿದ ಮೇಲೆ ಡೆಂಗಿ, ಇಲಿ ಜ್ವರ. ಇಷ್ಟು ಗೊತ್ತಿದ್ದೂ ಹಾಸಿಗೆ ಹುಡುಕುವುದು ಮಾತ್ರ ಜ್ವರ ಬಂದ ಮೇಲೆಯೇ.

ಹೋದ ಮಳೆಗಾಲದಲ್ಲಿ ಸಂಬಂಧಿಕರನ್ನು ನೋಡಲು ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಮೈತುಂಬ ಗುಳ್ಳೆ ಎದ್ದ ಚಿಕನ್‌ಪಾಕ್ಸ್ ಹುಡುಗನನ್ನು ಜನರಲ್ ವಾರ್ಡಿನ ಮೂಲೆಯಲ್ಲಿ ಮಲಗಿಸಿ ಹಸಿರು ಪರದೆ ಎಳೆದಿದ್ದರು. ಪಕ್ಕದ ಮಂಚದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಅಜ್ಜ. ಇಬ್ಬರಿಗೂ ಒಂದೇ ಶೌಚಾಲಯ. ಗಾಳಿಯಲ್ಲಿ ಹರಡುವ ರೋಗವನ್ನು ಬಟ್ಟೆ ತಡೆಯುತ್ತದಾ? ನರ್ಸ್‌ಗಳನ್ನು ಬೈದು ಪ್ರಯೋಜನವಿಲ್ಲ, ಅವರ ಹತ್ತಿರ ಬೇರೆ ಕೋಣೆಯೇ ಇರಲಿಲ್ಲ.

ಎಲ್ಲ ಜ್ವರಕ್ಕೂ ಪ್ರತ್ಯೇಕ ಕೋಣೆ ಬೇಡ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆ ಮನೆಯವರನ್ನು ದೂರ ಇಡುವುದು ಸುಮ್ನೆ ಹೆದರಿಕೆ. ಆ ರೋಗಿಗೆ ಬೇಕಾದದ್ದು ರಕ್ತಸ್ರಾವದ ಮೇಲೆ ಕಣ್ಣಿಡುವವರು, ಪ್ಲೇಟ್‌ಲೆಟ್ ಪರೀಕ್ಷೆ. ಡೆಂಗಿ ಬೇರೆಯವರಿಗೆ ಹರಡದಿರಲು ರೋಗಿಗೆ ಸೊಳ್ಳೆ ಪರದೆ ಇದ್ದರೆ ಆಯ್ತು. ಆದರೆ ದಡಾರ, ಚಿಕನ್‌ಪಾಕ್ಸ್, ಕಫದಲ್ಲಿ ಕ್ಷಯ ಇರುವವರಿಗೆ ಬಾಗಿಲು ಹಾಕಿಕೊಳ್ಳುವ, ಗಾಳಿ ಹೊರಗೆ ಹೋಗುವ, ಸ್ವಂತ ಶೌಚಾಲಯ ಇರುವ ಕೋಣೆ ಬೇಕೇ ಬೇಕು. ದಡಾರದ ರೋಗಿ ಎದ್ದು ಹೋದ ಮೇಲೂ ವೈರಸ್ 2 ಗಂಟೆಯವರೆಗೆ ಅಲ್ಲೇ ಗಾಳಿಯಲ್ಲಿ ಇರಬಹುದು.

2020ರಲ್ಲಿ ಭಟ್ಕಳದ ಕೋವಿಡ್ ರೋಗಿಗಳನ್ನು ಕಾರವಾರದ ನೌಕಾನೆಲೆಯ ಆಸ್ಪತ್ರೆಗೆ ಸಾಗಿಸಿದ್ದು ನೆನಪಿದೆ ಅಲ್ವಾ? ಅಷ್ಟು ದೂರ ಒಯ್ಯುವ ಗತಿ ಮತ್ತೆ ಬರಬಾರದು.

ಎಷ್ಟು ಕೋಣೆ ಬೇಕು ಎಂದು ಹೇಳಲು ಲೆಕ್ಕ ಬೇಕು. ಆ ಲೆಕ್ಕ ಸರ್ಕಾರದ ಹತ್ತಿರ ಇಲ್ಲ ಅಂತೇನಿಲ್ಲ. ರೋಗ ಹರಡುವುದರ ಮೇಲೆ ನಿಗಾ ಇಡಲು 2004ರಿಂದ ಇರುವ ಐಡಿಎಸ್‌ಪಿ ಎಂಬ ಸರ್ಕಾರಿ ಯೋಜನೆಯಲ್ಲಿ ಆಸ್ಪತ್ರೆಗಳು ರೋಗಗಳ ವರದಿ ಕಳಿಸುತ್ತಲೇ ಇವೆ. ಅದನ್ನು ಆರೋಗ್ಯ ಇಲಾಖೆ ಜಿಲ್ಲೆಯ 12 ತಾಲೂಕಿಗೂ ಬೇರೆ ಬೇರೆಯಾಗಿ ಪ್ರತಿ ವಾರ ಪತ್ರಿಕೆಗೆ ಕೊಡಲಿ. ಇಡೀ ಜಿಲ್ಲೆಗೆ ಒಂದೇ ಸಂಖ್ಯೆ ಹೇಳಿದರೆ ಸಿದ್ದಾಪುರದ ಕಷ್ಟ ಹಳಿಯಾಳದ ಲೆಕ್ಕದಲ್ಲಿ ಕರಗಿ ಹೋಗುತ್ತದೆ. ಜೊತೆಗೆ, ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಎಷ್ಟು ಪ್ರತ್ಯೇಕ ಕೋಣೆ ಇವೆ, ಅದರಲ್ಲಿ ಎಷ್ಟು ಖಾಲಿ ಎಂಬುದನ್ನೂ ಹಾಕಲಿ. ಕೋಣೆಯೇ ಇಲ್ಲದ ಕಡೆ ಕನಿಷ್ಠ ಎರಡನ್ನಾದರೂ ಮುಂದಿನ ಮಳೆಗಾಲದ ಒಳಗೆ ಸಿದ್ಧ ಮಾಡಲಿ.

– ಒಬ್ಬ ಓದುಗ, ಶಿರಸಿ